ವಿಸ್ಕಾನ್ಸಿನ್, 2011: ಹಣ ಬಿಟ್ಟುಕೊಡಲು ಒಪ್ಪಿದವರು ಹೋರಾಡಿದ್ದೇಕೆ?

ಪ್ರಶ್ನೆ: ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸರ್ಕಾರಿ ನೌಕರ ಸಂಘಗಳ ಮುಖಂಡರು ಪಿಂಚಣಿಗೂ ಆರೋಗ್ಯ ವಿಮೆಗೂ ಹೆಚ್ಚಿನ ವಂತಿಗೆ ಕೊಡಲು ಒಪ್ಪಿದ್ದರು. ಹಾಗಿದ್ದೂ ನೌಕರರು ಮ್ಯಾಡಿಸನ್‌ನ ಶಾಸನಸಭಾ ಭವನದೊಳಗೆ ಎರಡು ವಾರಕ್ಕೂ ಹೆಚ್ಚು ಕಾಲ ಬೀಡುಬಿಟ್ಟದ್ದು ಏಕೆ?

ಉತ್ತರ 1: ಗವರ್ನರ್ ಸ್ಕಾಟ್ ವಾಕರ್ ಅವರ ಮಸೂದೆಯು ಸಾಮೂಹಿಕ ಚೌಕಾಸಿಯನ್ನು (ನೌಕರರ ಪರವಾಗಿ ಸಂಘವೇ ಸಂಬಳ, ಷರತ್ತುಗಳ ಬಗ್ಗೆ ಮಾಲೀಕರೊಂದಿಗೆ ಮಾತುಕತೆ ನಡೆಸುವುದನ್ನು) ಮೂಲ ವೇತನವೊಂದಕ್ಕೇ ಸೀಮಿತಗೊಳಿಸಿ, ಅದರ ಏರಿಕೆಗೂ ಹಣದುಬ್ಬರದ ಮಿತಿ ಹಾಕಿ, ಸಂಬಳದಿಂದ ಸಂಘದ ಚಂದಾ ಮುರಿದುಕೊಳ್ಳುವುದನ್ನು ನಿಲ್ಲಿಸಿ, ಪ್ರತಿ ವರ್ಷ ಮತದಾನದ ಮೂಲಕ ಮಾನ್ಯತೆ ಉಳಿಸಿಕೊಳ್ಳುವಂತೆ ಸಂಘಗಳಿಗೆ ವಿಧಿಸಿತ್ತು. ಗೆಲ್ಲಲು ಬೇಕಾದ ಶೇ. 51ನ್ನು ಎಣಿಸುತ್ತಿದ್ದುದು ಒಟ್ಟು ನೌಕರರ ಲೆಕ್ಕದಲ್ಲಿ. ಅಂದರೆ ಮತ ಹಾಕದೆ ಮನೆಯಲ್ಲಿ ಕುಳಿತವರೂ ಸಂಘದ ವಿರೋಧಿಗಳೇ! ಸ್ಥಳೀಯ ಸಂಸ್ಥೆಗಳ ನೌಕರರಿಗೆ ಚೌಕಾಸಿಯ ಹಕ್ಕನ್ನು 1959ರಲ್ಲಿ ಮೊದಲು ಕೊಟ್ಟ ರಾಜ್ಯವೇ ಇದು ಎಂಬುದನ್ನು ನೆನೆದರೆ ಆ ಸಿಟ್ಟು ಅರ್ಥವಾಗುತ್ತದೆ.

ಉತ್ತರ 2: ಅಗ್ನಿಶಾಮಕ ಸಿಬ್ಬಂದಿಗೆ ಈ ಮಸೂದೆಯಿಂದ ವಿನಾಯಿತಿ ಇದ್ದರೂ ಅವರು ಮೆರವಣಿಗೆಯಲ್ಲಿ ಬಂದು ಸೇರಿದ್ದು ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಕೋರಂ (ಮತ ಹಾಕಲು ಸದನದಲ್ಲಿ ಇರಬೇಕಾದ ಕನಿಷ್ಠ ಸದಸ್ಯರ ಸಂಖ್ಯೆ) ತಪ್ಪಿಸಲು 14 ಡೆಮಾಕ್ರಟಿಕ್ ಸೆನೆಟರ್‌ಗಳು ಇಲಿನಾಯ್‌ಗೆ ಹೊರಟುಹೋದರು. ಆದರೆ ಆ ದೊಡ್ಡ ಕೋರಂ ಬೇಕಿದ್ದುದು ಹಣಕಾಸಿನ ಮಸೂದೆಗಳಿಗೆ ಮಾತ್ರ; ಹಾಗಾಗಿ ವಾಕರ್ ಅವರ ರಿಪಬ್ಲಿಕನ್ ಪಕ್ಷವು ಹಣಕಾಸಿನ ಅಂಶಗಳನ್ನು ಬೇರ್ಪಡಿಸಿ ಮಸೂದೆಯನ್ನು ಅಂಗೀಕರಿಸಿತು.

ಪ್ರಶ್ನಿಸಿದವರು: ಧನ್ಯವಾದಗಳು. ವಾಕರ್ ಅವರನ್ನು ಅವಧಿಗೆ ಮೊದಲೇ ಹುದ್ದೆಯಿಂದ ಹಿಂದಕ್ಕೆ ಕರೆಸುವ ಚುನಾವಣೆ ಏನಾಯಿತು?

ಉತ್ತರ 1: 2012ರ ಜೂನ್‌ನಲ್ಲಿ ನಡೆದ ಅದರಲ್ಲಿ ಅವರೇ ಗೆದ್ದರು.