ಪದಚರ್ಚೆ: ಹೊಸ ಪೈಪನ್ನು ‘ಪಳಗಿಸು’ವುದೋ ‘ಹದಗೊಳಿಸು’ವುದೋ?

ಪ್ರಶ್ನೆ – ಹುಬ್ಬಳ್ಳಿಯಿಂದ

ತಂಬಾಕಿನ ಪೈಪಿನ ಬಳಕೆ ಮತ್ತು ದುರಸ್ತಿಯ ಬಗ್ಗೆ ಇರುವ ಇಂಗ್ಲಿಷ್ ಕೈಪಿಡಿಯೊಂದು ಕನ್ನಡಕ್ಕೆ ಆಗುತ್ತಿದೆ. ಹೊಸ ಪೈಪನ್ನು ಮೊದಲ ಕೆಲವು ಸಲ ಜೋಪಾನವಾಗಿ ಸೇದಿ, ಒಳಗೋಡೆಗೆ ಇದ್ದಿಲಿನ ತೆಳು ಪದರ ಕೂರುವಂತೆ ಮಾಡುವ ಕೆಲಸಕ್ಕೆ ಅಲ್ಲಿ ‘ಬ್ರೇಕಿಂಗ್ ಇನ್’ ಎಂದಿದೆ. ಕರಡು ನೋಡಿದವರಲ್ಲಿ ಒಬ್ಬರು ‘ಹದಗೊಳಿಸುವುದು’ ಇರಲಿ ಎಂದರು, ಇನ್ನೊಬ್ಬರು ‘ಪಳಗಿಸುವುದು’, ಮತ್ತೊಬ್ಬರು ‘ರೂಢಿ ಮಾಡುವುದು’. ಆ ಪದರಕ್ಕೆ ಇಂಗ್ಲಿಷಿನಲ್ಲಿ ‘ಕೇಕ್’ ಎಂದು ಹೆಸರು. ಕನ್ನಡದಲ್ಲಿ ಹಾಗೇ ಬಿಟ್ಟರೆ ಓದುಗರಿಗೆ ಬೇಕರಿ ನೆನಪಾಗುತ್ತದೆ. ‘ಮಸಿ’, ‘ಕಿಟ್ಟ’, ‘ಕರಕಲು’ ಎಂಬ ಮೂರು ಸಲಹೆಗಳು ಬಂದಿವೆ. ಪೈಪು ಮಾಡಲು ಬಳಸುವ ಬ್ರೈಯರ್, ಮೀರ್‌ಶಾಮ್ ಎಂಬ ವಸ್ತುಗಳ ಹೆಸರುಗಳನ್ನು ಕನ್ನಡಿಸಬೇಕೇ? ಪೈಪಿನ ಕೆಲಸ ಬಲ್ಲವರು, ಚಿಲುಮಿಯ ಮಾತು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ – ಗದಗಿನಿಂದ

ನಮಸ್ಕಾರ. ‘ಪಳಗಿಸು’ ಎಂದೇ ಬರೆಯಿರಿ. ‘ಹದಗೊಳಿಸು’ ಒಳ್ಳೆಯ ಪದ, ಆದರೆ ಈ ಪುಸ್ತಕದಲ್ಲಿ ಅದಕ್ಕೆ ಬೇರೆ ಕೆಲಸವಿದೆ. ಹೊಲದಿಂದ ಬಂದ ತಂಬಾಕಿನ ಎಲೆಯನ್ನು ಒಣಗಿಸಿ, ಕಾಯಿಸಿ, ಬಣ್ಣ ತರಿಸುವುದಕ್ಕೆ ಬೆಳೆಗಾರರು ‘ಹದ ಮಾಡುವುದು’ ಎನ್ನುತ್ತಾರೆ. ಎಲೆಗೂ ಹದ, ಪೈಪಿಗೂ ಹದ ಎಂದರೆ ಒಂದೇ ಪುಟದಲ್ಲಿ ಓದುಗ ದಾರಿ ತಪ್ಪುತ್ತಾನೆ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಚರ್ಮ ಹದ ಮಾಡಿದ ಮೇಲೆ ಚಪ್ಪಲಿ ಹೊಲಿಯುತ್ತಾರೆ, ಹೊಲ ಹದವಾದ ಮೇಲೆ ಬಿತ್ತುತ್ತಾರೆ. ಹದ ಮೊದಲು, ಬಳಕೆ ಆಮೇಲೆ. ಪಳಗುವುದು ಹಾಗಲ್ಲ, ಬಳಸುತ್ತ ಬಳಸುತ್ತಲೇ ಆಗುವಂಥದ್ದು. ಹೋರಿ ನೊಗಕ್ಕೆ ಪಳಗುತ್ತದೆ, ಕೈ ಕೆಲಸಕ್ಕೆ ಪಳಗುತ್ತದೆ. ‘ಹಂಚು ಇನ್ನೂ ಪಳಗಿಲ್ಲ, ದ್ವಾಸಿ ಹತ್ತತೈತಿ’ ಎಂಬ ಮಾತು ನಮ್ಮ ಅಡುಗೆಮನೆಗಳಲ್ಲಿ ಇದ್ದೇ ಇದೆ. ಕಬ್ಬಿಣದ ಹಂಚಿಗೆ ಎಣ್ಣೆಯನ್ನು ತೆಳ್ಳಗೆ ಸವರಿ ಕಾಯಿಸಿ ಪದರದ ಮೇಲೆ ಪದರ ಕೂರಿಸುತ್ತೇವಲ್ಲ, ಪೈಪಿನ ಒಳಗೂ ಅದೇ ರೀತಿ ಪದರದ ಮೇಲೆ ಪದರ ಕೂರಬೇಕು. ‘ರೂಢಿ ಮಾಡು’ ಬೇಡ. ರೂಢಿಯಾಗುವುದು ಸೇದುವವನಿಗೆ, ಪೈಪಿಗಲ್ಲ.

ಪದದ ಆಯ್ಕೆ ಕೆಲಸಕ್ಕೆ ಹೊಂದಬೇಕಾದ್ದರಿಂದ ಕೆಲಸವನ್ನೂ ಬರೆಯುತ್ತೇನೆ. ಪೈಪಿನಲ್ಲಿ ತಂಬಾಕು ತುಂಬುವ ಬಟ್ಟಲಿನ ಒಳಗೆ ಬರೀ ಕಟ್ಟಿಗೆ ಇದ್ದರೆ ಅದಕ್ಕೆ ಬೆಂಕಿ ನೇರವಾಗಿ ತಾಗುತ್ತದೆ. ಆದ್ದರಿಂದ ಮೊದಲ ಮೂರು ನಾಲ್ಕು ಸಲ ಬಟ್ಟಲಿನ ಮೂರನೇ ಒಂದು ಭಾಗ ಮಾತ್ರ ತಂಬಾಕು ತುಂಬಬೇಕು, ಅನಂತರದ ಮೂರು ನಾಲ್ಕು ಸಲ ಅರ್ಧ, ಆಮೇಲೆ ಮುಕ್ಕಾಲು, ಕೊನೆಗೆ ಪೂರ್ತಿ. ಮೊದಲ ದಿನವೇ ಬಾಯಿಮಟ ತುಂಬಿದರೆ ಹೆಚ್ಚಿನವರು ತಳ ಮುಟ್ಟುವವರೆಗೆ ಸೇದುವುದಿಲ್ಲ. ಆಗ ಪದರ ಮೇಲ್ಗಡೆ ದಪ್ಪವಾಗುತ್ತದೆ, ತಳ ಬೋಳಾಗಿ ಉಳಿಯುತ್ತದೆ, ಮುಂದೆ ಸುಡುವುದು ಆ ತಳವೇ. ತುಂಬುವ ಮೊದಲು ಬೆರಳು ಒದ್ದೆ ಮಾಡಿ ಒಳಗೋಡೆಗೆ ಸವರಿದರೆ ಸಾಕು, ನೀರು ನಿಲ್ಲಬಾರದು. ಜೇನುತುಪ್ಪ ಸವರುವ ಹಳೆಯ ಪದ್ಧತಿಯನ್ನು ನಿಮ್ಮ ಕೈಪಿಡಿ ಹೇಳಿದ್ದರೆ ಅನುವಾದಿಸಿ, ಆದರೆ ಅದು ಅಗತ್ಯವಲ್ಲ. ದಪ್ಪಗೆ ಹಚ್ಚಿದರೆ ಸಕ್ಕರೆ ಉಬ್ಬಿ ಸೀದು, ಪದರ ಗೋಡೆಗೆ ಅಂಟದೆ ಚಕ್ಕೆಯಾಗಿ ಉದುರುತ್ತದೆ.

ಮೇಲ್ಮೈ ಪೂರ್ತಿ ಹೊತ್ತುವಂತೆ ಒಂದು ಸಲ ಕಡ್ಡಿ ಗೀರಿದಾಗ ತಂಬಾಕು ಉಬ್ಬಿ ಮೇಲೇಳುತ್ತದೆ. ಅದನ್ನು ಹಗುರಾಗಿ ಒತ್ತಿ ಮತ್ತೆ ಹೊತ್ತಿಸಬೇಕು. ಆಮೇಲಿನದೆಲ್ಲ ಸಾವಕಾಶದ ಕೆಲಸ. ಬಟ್ಟಲನ್ನು ಕೆನ್ನೆಗೆ ಹಿಡಿದಾಗ ತಾಳಲಾರದಷ್ಟು ಬಿಸಿ ಇದ್ದರೆ ಕೆಳಗಿಟ್ಟು ಆರಲು ಬಿಡಬೇಕು. ಆರಿಹೋದ ತಂಬಾಕನ್ನು ಇನ್ನೊಮ್ಮೆ ಹೊತ್ತಿಸಬಹುದು, ಸುಟ್ಟ ಗೋಡೆಯನ್ನು ತಿರುಗಿ ತರಲಾಗುವುದಿಲ್ಲ. ಹೊರಮೈಯ ಒಂದೇ ಜಾಗ ಉಳಿದ ಕಡೆಗಿಂತ ಬಿಸಿಯಾಗಿ, ಅಲ್ಲಿ ಬಣ್ಣ ಕಪ್ಪಾಗತೊಡಗಿದರೆ ಒಳಗೆ ಕಟ್ಟಿಗೆ ಸುಡುತ್ತಿದೆ ಎಂದೇ ತಿಳಿಯಬೇಕು. ಸೇದಿದ ಮೇಲೆ ಬಿಸಿಯಿರುವಾಗ ಬಾಯಿಗೆ ಹಿಡಿಯುವ ನಳಿಗೆಯನ್ನು ತಿರುಚಿ ಕೀಳಬಾರದು. ಕೂಡಿಕೆ ಸಡಿಲಾಗುತ್ತದೆ, ಇಲ್ಲವೇ ಕೂಡಿಕೆಯ ಒಳಗೆ ಕೂರುವ ನಳಿಗೆಯ ತುದಿ ಮುರಿಯುತ್ತದೆ. ನಳಿಗೆ ಇದ್ದಂತೆಯೇ ಒರೆಸುವ ತಂತಿಯನ್ನು ತೂರಿಸಿ ತೇವ ತೆಗೆದು, ಮತ್ತೆ ಬಳಸುವ ಮುಂಚೆ ಒಂದು ದಿನವಾದರೂ ಒಣಗಲು ಬಿಡಬೇಕು. ಈ ಒಣಗಿಸುವಿಕೆಯನ್ನು ಹಲವು ಕೈಪಿಡಿಗಳು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ನೀವು ಅದನ್ನು ಎದ್ದು ಕಾಣುವಂತೆ ಬರೆಯಿರಿ, ಏಕೆಂದರೆ ಒದ್ದೆ ಕಟ್ಟಿಗೆಯ ಮೇಲೆ ಪದರ ಗಟ್ಟಿಯಾಗುವುದಿಲ್ಲ, ಹೊಗೆಯೂ ಹುಳಿ ನಾರುತ್ತದೆ.

ಇನ್ನು ಆ ಪದರದ ಹೆಸರು. ‘ಮಸಿ’ ಕೈಗೆ ಹತ್ತುತ್ತದೆ, ಒರೆಸಿದರೆ ಹೋಗುತ್ತದೆ. ‘ಕಿಟ್ಟ’ ಲೋಹದ್ದು. ‘ಕರಕಲು’ ಅಂತೂ ಬೇಡವೇ ಬೇಡ, ಏಕೆಂದರೆ ಕರಕಲಾಗುವುದು ಕಟ್ಟಿಗೆ, ಅಂದರೆ ಯಾವ ಹಾನಿಯನ್ನು ತಡೆಯಲು ಈ ಪದರ ಬೇಕೋ ಆ ಹಾನಿಯ ಹೆಸರೇ ಅದು. ‘ಕರಕಲು ಬರಿಸಿರಿ’ ಎಂದು ಬರೆದರೆ ಓದುಗ ಪೈಪನ್ನು ಸುಟ್ಟೇ ಬಿಟ್ಟಾನು. ‘ಕರಿ ಹಕ್ಕಳೆ’ ಎಂಬುದು ನನ್ನ ಸಲಹೆ. ಹಕ್ಕಳೆ ಹೊರಗಿನಿಂದ ಬಂದು ಕೂರುತ್ತದೆ, ಪದರವಾಗಿ ಬೆಳೆಯುತ್ತದೆ, ಒಣಗಿ ಗಟ್ಟಿಯಾಗುತ್ತದೆ, ದಪ್ಪವಾದರೆ ಕೆರೆಯಬೇಕಾಗುತ್ತದೆ. ‘ಹಕ್ಕಳೆ ಕಟ್ಟಿತು’ ಎಂಬ ಕ್ರಿಯಾಪದವೂ ಸಿದ್ಧವಾಗಿದೆ. ಕೆಲವು ಪೈಪುಗಳ ಬಟ್ಟಲಿಗೆ ಕಾರ್ಖಾನೆಯಲ್ಲೇ ಕಪ್ಪು ಲೇಪ ಹಚ್ಚಿರುತ್ತಾರೆ. ಅದನ್ನು ‘ಲೇಪ’ ಎಂದೇ ಕರೆಯಿರಿ, ಹಕ್ಕಳೆಯ ಜೊತೆ ಬೆರೆಸಬೇಡಿ.

ಬ್ರೈಯರ್ ಬಗ್ಗೆ ಎಚ್ಚರ. ನಿಘಂಟು ನೋಡಿ ‘ಮುಳ್ಳುಪೊದೆ’ ಎಂದು ಬರೆದರೆ ತಪ್ಪಾಗುತ್ತದೆ. ಪೈಪಿನ ಬ್ರೈಯರ್ ಫ್ರೆಂಚಿನ ‘ಬ್ರುಯೇರ್’ನಿಂದ ಬಂದ ಮಾತು, ಅದಕ್ಕೂ ಮುಳ್ಳಿಗೂ ಸಂಬಂಧವಿಲ್ಲ. ಮೆಡಿಟರೇನಿಯನ್ ಸುತ್ತಲಿನ ಎರಿಕಾ ಆರ್ಬೋರಿಯಾ ಎಂಬ ಗಿಡದ ಬುಡದ ಗಂಟು ಅದು. ಗಂಟನ್ನು ಕೊಯ್ದು, ತಾಸುಗಟ್ಟಲೆ ನೀರಿನಲ್ಲಿ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿ ಆಮೇಲೆ ಕೊರೆಯುತ್ತಾರೆ. ಆ ಕೆಲಸಕ್ಕೆ ಬೇಕಾದರೆ ‘ಹದಗೊಳಿಸು’ ಬಳಸಿ, ಅಲ್ಲಿ ಅದು ಒಪ್ಪುತ್ತದೆ. ಗಿಡ ನಮ್ಮಲ್ಲಿ ಇಲ್ಲದ ಕಾರಣ ಹೆಸರನ್ನು ಹಾಗೇ ಇಟ್ಟು ‘ಬ್ರೈಯರ್ ಗಂಟು’ ಎನ್ನಬಹುದು.

ಉತ್ತರ – ಹಾವೇರಿಯಿಂದ

ಗದಗಿನ ಸರ್ ಬರೆದದ್ದಕ್ಕೆ ನನ್ನ ಒಪ್ಪಿಗೆ ಇದೆ, ಆದರೆ ಒಂದು ಮಿತಿ ಹಾಕಬೇಕು. ‘ಪಳಗಿಸು’ ಎಲ್ಲ ಪೈಪುಗಳಿಗೂ ಸಲ್ಲುವುದಿಲ್ಲ. ಮೀರ್‌ಶಾಮ್ ಕಟ್ಟಿಗೆಯಲ್ಲ, ಟರ್ಕಿಯ ಎಸ್ಕಿಶೆಹಿರ್ ಕಡೆ ಭೂಮಿಯಿಂದ ತೆಗೆಯುವ ಬಿಳಿ ಖನಿಜ. ಅದರಲ್ಲಿ ಹಕ್ಕಳೆ ಕಟ್ಟಲು ಬಿಡಲೇಬಾರದು, ಪ್ರತಿ ಸಲ ಸೇದಿದ ಮೇಲೆ ಒಳಗೆ ಒರೆಸಬೇಕು. ಅಲ್ಲಿ ಆಗುವುದು ಪಳಗುವಿಕೆಯಲ್ಲ, ‘ಬಣ್ಣ ಏರುವುದು’. ಬಿಳಿ ಹೋಗಿ ಹಳದಿ, ಆಮೇಲೆ ಕಂದು. ಹೆಸರಿನ ಮೂಲ ಅರ್ಥ ಜರ್ಮನ್ ಭಾಷೆಯಲ್ಲಿ ಕಡಲ ನೊರೆ. ಆದರೂ ‘ಸಮುದ್ರನೊರೆ’ ಎಂದು ಅನುವಾದಿಸಬೇಡಿ. ನಮ್ಮ ಆಯುರ್ವೇದದ ಅಂಗಡಿಗಳಲ್ಲಿ ಸಮುದ್ರಫೇನ ಎಂದರೆ ಕಟ್ಲ್‌ ಮೀನಿನ ಒಳಚಿಪ್ಪು. ಕಾಳು ಬಿಡಿಸಿದ ಮೆಕ್ಕೆಜೋಳದ ತೆನೆಯ ಬೆಂಡಿನ ಪೈಪಿಗೂ ಹೆಚ್ಚಿನ ಪಳಗಿಸುವಿಕೆ ಬೇಕಿಲ್ಲ.

ಚಿಲುಮಿಗೆ ಬರೋಣ. ಮಣ್ಣು ಆವಿಗೆಯಲ್ಲಿ ಮೊದಲೇ ಸುಟ್ಟಿರುತ್ತದೆ, ಅದಕ್ಕೆ ಬೆಂಕಿಯಿಂದ ರಕ್ಷಣೆಯ ಪದರ ಬೇಡ. ತಂಬಾಕು ಕೆಳಗೆ ಜಾರದಂತೆ ಒಳಗೆ ಒಂದು ಕಲ್ಲಹರಳು, ತುದಿಗೆ ಒದ್ದೆ ಬಟ್ಟೆ, ಇಷ್ಟೇ ಏರ್ಪಾಟು. ಹರಳು ತೂತನ್ನು ಪೂರ್ತಿ ಮುಚ್ಚಿದರೆ ಹೊಗೆ ಬರುವುದಿಲ್ಲ, ತೀರ ಸಣ್ಣದಾದರೆ ಕೆಂಡದ ಪುಡಿ ಬಾಯಿಗೆ ಬರುತ್ತದೆ. ಹಾಗಾಗಿ ‘ಪಳಗಿಸು’ ಎಂಬ ಮಾತನ್ನು ಚಿಲುಮಿಯಲ್ಲಿ ಹುಡುಕುವುದಕ್ಕಿಂತ ಹಂಚಿನಲ್ಲಿ ಹುಡುಕಿದ್ದೇ ಸರಿ. ಅಂದಹಾಗೆ ಪುಸ್ತಕದಲ್ಲಿ ‘ಚಿಲುಮೆ’ ಎಂಬ ಬರಹರೂಪ ಬಳಸುವಾಗ ಜೊತೆಗೆ ‘ಮಣ್ಣಿನ’ ಅಥವಾ ‘ಸೇದುವ’ ಎಂದು ಸೇರಿಸಿ. ನೀರಿನ ಒರತೆಯ ಅರ್ಥದ ಚಿಲುಮೆಯೂ ಕನ್ನಡದಲ್ಲಿದೆ, ‘ಸೇದು’ ಎಂಬ ಕ್ರಿಯಾಪದವೂ ಬಾವಿ ನೀರಿಗೂ ಹೊಗೆಗೂ ಎರಡಕ್ಕೂ ನಡೆಯುತ್ತದೆ.

ಕೊನೆಯದಾಗಿ ಅಚ್ಚಿನ ತಪ್ಪಿನ ಬಗ್ಗೆ. ಹಕ್ಕಳೆ ಒಂದೂವರೆ ಮಿಲಿಮೀಟರ್ ಮೀರಬಾರದು, ಏಕೆಂದರೆ ಕಾದಾಗ ಅದು ಕಟ್ಟಿಗೆಗಿಂತ ಹೆಚ್ಚು ಹಿಗ್ಗಿ ಬಟ್ಟಲನ್ನು ಸೀಳುತ್ತದೆ. ಮೀರಿದ್ದನ್ನು ಕೆರೆದು ತೆಗೆಯುವ ಉಪಕರಣ ಬೇರೆಯೇ ಇದೆ. ಚೂಪು ಮೊನೆಯ ಚಾಕು ಬಳಸಿದರೆ ತಳದಲ್ಲಿ ಗುಳಿ ಬೀಳುತ್ತದೆ. ಇಲ್ಲಿ ಬೇಕಾದ ಪದ ‘ಕೆರೆ’. ಕರಡಿನಲ್ಲಿ ಅದು ‘ಕೊರೆ’ ಎಂದಾದರೆ ಓದಿದವರು ಕಟ್ಟಿಗೆಗೇ ಕೈ ಹಾಕುತ್ತಾರೆ. ನಮ್ಮ ಕಡೆಯ ‘ಹೆರೆ’ ಎಂದು ಬರೆದರೂ ಅರ್ಥ ಕೆಡದು, ಅಕ್ಷರ ತಪ್ಪುವ ಭಯವೂ ಇಲ್ಲ: ‘ತಣ್ಣಗಾದ ಬಟ್ಟಲಿನಲ್ಲಿ ಸುತ್ತಲೂ ಒಂದು ಮಿಲಿಮೀಟರಿನಷ್ಟು ಹಕ್ಕಳೆ ಉಳಿಯುವಂತೆ ಹೆರೆಯಿರಿ.’