ಹೊಟ್ಟೆಯೊಳಗೊಂದು ರೇಷ್ಮೆಗೂಡು: ಬ್ಲೇಡು ಇಡುವ ಮುಂಚೆ ಏನೇನು ನೋಡಬೇಕು?

ಕೇಳಿದ್ದು

22 ವರ್ಷದ ಯುವತಿ, ತೂಕ 38 ಕಿಲೊ. ಆರು ತಿಂಗಳಿಂದ ಬಿಟ್ಟು ಬಿಟ್ಟು ಹೊಟ್ಟೆ ಹಿಂಡುತ್ತದೆ, ಹಸಿರು ವಾಂತಿಯಾಗುತ್ತದೆ, ಎರಡು ದಿನದಲ್ಲಿ ತಾನೇ ಇಳಿಯುತ್ತದೆ. ಹೊಕ್ಕುಳ ಸುತ್ತ ಮೆತ್ತನೆಯ ಗಡ್ಡೆ ಕೈಗೆ ಸಿಗುತ್ತದೆ. ಹಿಂದೆ ಯಾವ ಆಪರೇಷನ್ನೂ ಆಗಿಲ್ಲ. ಸಿ.ಟಿ. ವರದಿಯಲ್ಲಿ ‘ಅಬ್ಡಾಮಿನಲ್ ಕಕೂನ್ ಇರಬಹುದು, ಒಳ ಹರ್ನಿಯಾವನ್ನೂ ಗಮನಿಸಿ’ ಎಂದಿದೆ; ಅಂದರೆ ಸಣ್ಣ ಕರುಳನ್ನು ದಪ್ಪ ಪೊರೆ ಗೂಡಿನಂತೆ ಸುತ್ತಿರಬಹುದು, ಇಲ್ಲವೇ ಕರುಳು ಹೊಟ್ಟೆಯೊಳಗಿನ ಕಿಂಡಿಯೊಂದಕ್ಕೆ ನುಗ್ಗಿರಬಹುದು. ಟಿ.ಬಿ. ಔಷಧಿ ಮೊದಲೋ, ಆಪರೇಷನ್ ಮೊದಲೋ? ಜಿಲ್ಲಾಸ್ಪತ್ರೆಯಲ್ಲಿ ತೆರೆಯಬಹುದೇ? ಮಾಡಿ ಅಭ್ಯಾಸವಿದ್ದವರು ತಿಳಿಸಿ.

ರೇಡಿಯಾಲಜಿಯವರು

ವರದಿ ಬದಿಗಿಡಿ, ಫಿಲ್ಮನ್ನೇ ಇನ್ನೊಮ್ಮೆ ನೋಡಿ. ಕಕೂನ್ ಆದರೆ ಸಣ್ಣ ಕರುಳಿನ ಸುರುಳಿಗಳೆಲ್ಲ ನಡುವೆ ಮುದುಡಿ ಕೂತಿರುತ್ತವೆ, ಸುತ್ತ ದಪ್ಪ ಪೊರೆ ಕಾಂಟ್ರಾಸ್ಟ್ (ಸ್ಕ್ಯಾನ್‌ಗೆಂದು ರಕ್ತನಾಳಕ್ಕೆ ಕೊಡುವ ದ್ರವ) ಹೀರಿ ಬೆಳ್ಳಗೆ ಕಾಣುತ್ತದೆ. ಎಡ ಪ್ಯಾರಾಡುವೋಡಿನಲ್ ಹರ್ನಿಯಾದಲ್ಲಿ (ಸಣ್ಣ ಕರುಳಿನ ಮೊದಲ ಭಾಗದ ಪಕ್ಕದ ಚೀಲಕ್ಕೆ ಕರುಳು ನುಗ್ಗುವ ಒಳ ಹರ್ನಿಯಾ) ಗಂಟು ಎಡಕ್ಕೆ, ಜಠರಕ್ಕೂ ಮೇದೋಜೀರಕಕ್ಕೂ ನಡುವೆ ಇರುತ್ತದೆ. ಇನ್ಫೀರಿಯರ್ ಮೆಸೆಂಟೆರಿಕ್ ವೇನ್ ಎಂಬ ರಕ್ತನಾಳ ಚೀಲದ ಬಾಯಿಯ ಮುಂದಿನ ಅಂಚಿನಲ್ಲೇ ಓಡುತ್ತದೆ. ಇದನ್ನು ಗುರುತಿಸದೆ ಬಾಯಿ ಅಗಲಿಸಲು ಕತ್ತರಿಸಿದರೆ ರಕ್ತ ತಡೆಯುವುದೇ ಕೆಲಸವಾಗುತ್ತದೆ. ಹುಟ್ಟಿನಿಂದ ಬರುವ ತೆಳು ಹೆಚ್ಚುವರಿ ಪೊರೆ ಬೇರೆಯೇ; ಅದು ಹೆಚ್ಚಾಗಿ ತೊಂದರೆ ಕೊಡುವುದಿಲ್ಲ.

ನಡುಭಾಗ ಕರಗಿದ ದುಗ್ಧಗ್ರಂಥಿಗಳು, ಇಲಿಯೋಸೀಕಲ್ ಭಾಗದ (ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿ) ದಪ್ಪ, ಕಟ್ಟುಕಟ್ಟಾಗಿ ನಿಂತ ನೀರು ಕಂಡರೆ ಟಿ.ಬಿ. ಕಡೆಗೆ ವಾಲಬೇಕು. ಕರುಳಿನ ಗೋಡೆ ಕಾಂಟ್ರಾಸ್ಟ್ ಹೀರದಿದ್ದರೆ, ಗೋಡೆಯೊಳಗೆ ಗಾಳಿ ಕಂಡರೆ ಚರ್ಚೆ ಬೇಡ, ಅದೇ ದಿನ ತೆರೆಯಬೇಕು.

ಫಿಜಿಷಿಯನ್ ಒಬ್ಬರು

ಅಬ್ಡಾಮಿನಲ್ ಕಕೂನ್ ಎಂಬ ಹೆಸರು ಬಂದದ್ದು 1978ರಲ್ಲಿ, ಸಿಂಗಪುರದ ಶಸ್ತ್ರವೈದ್ಯರು ಹದಿಹರೆಯದ ಹುಡುಗಿಯರಲ್ಲಿ ಇದನ್ನು ಕಂಡು ಬರೆದಾಗ. ಅಲ್ಲಿ ಕಾರಣ ಸಿಗಲಿಲ್ಲ. ನಮ್ಮಲ್ಲಿ ‘ಕಾರಣವಿಲ್ಲ’ ಎನ್ನುವ ಮುಂಚೆ ಟಿ.ಬಿ. ಹುಡುಕಲೇಬೇಕು. ವರ್ಷಗಟ್ಟಲೆ ಹೊಟ್ಟೆಯ ಡಯಾಲಿಸಿಸ್ ಆದವರಲ್ಲೂ ಬರುತ್ತದೆ, ಅದರ ದಾರಿಯೇ ಬೇರೆ.

ನೀರಿದ್ದರೆ ಅಲ್ಟ್ರಾಸೌಂಡ್ ನೋಡಿಕೊಂಡೇ ತೆಗೆಯಿರಿ. ಮುಂಗೋಡೆಗೆ ಕರುಳು ಅಂಟಿರಬಹುದು. ಆ ನೀರಿನಲ್ಲಿ ಎ.ಡಿ.ಎ. ಎಂಬ ಕಿಣ್ವ ಲೀಟರಿಗೆ ಸುಮಾರು 39 ಯೂನಿಟ್ ದಾಟಿದರೆ ಟಿ.ಬಿ. ಸಂಶಯ ಬಲವಾಗುತ್ತದೆ. ಆ ನೀರಿನ ಸಿಬಿನ್ಯಾಟ್ (ಟಿ.ಬಿ. ಕ್ರಿಮಿಯ ಜೀನ್ ಹುಡುಕುವ ಪರೀಕ್ಷೆ) ನೆಗೆಟಿವ್ ಬಂದರೆ ಟಿ.ಬಿ. ಇಲ್ಲವೆಂದು ಅರ್ಥವಲ್ಲ, ಅದರಲ್ಲಿ ಕ್ರಿಮಿ ಬಹಳ ಕಮ್ಮಿ.

ಗಾಳಿ ಹೋಗುತ್ತಿದೆ, ಜ್ವರವಿಲ್ಲ, ಹೊಟ್ಟೆ ಮುಟ್ಟಿದರೆ ಬಿಗಿಯುವುದಿಲ್ಲ ಎಂದಾದರೆ, ಟಿ.ಬಿ.ಗೆ ಆಧಾರವೂ ಇದ್ದರೆ, ಔಷಧಿ ಮೊದಲು. 38 ಕಿಲೊಗೆ ನಾಲ್ಕು ಔಷಧಿಯ ಕೂಡುಮಾತ್ರೆ ದಿನಕ್ಕೆ 3, ಎರಡು ತಿಂಗಳು; ಆಮೇಲೆ ಮೂರು ಔಷಧಿ ನಾಲ್ಕು ತಿಂಗಳು. ವಾಂತಿ ನಿಲ್ಲದೆ ಮಾತ್ರೆ ಶುರು ಮಾಡಿದರೆ ಅದು ಬಕೆಟ್ ಸೇರುತ್ತದೆ. ಮೊದಲ ವಾರಗಳಲ್ಲಿ ಗಾಯ ಮಾಗುತ್ತಾ ಕರುಳು ಇನ್ನಷ್ಟು ಬಿಗಿಯಬಹುದು. ಅದನ್ನು ಮೊದಲೇ ಮನೆಯವರಿಗೆ ಹೇಳಿಡಿ. ಸರಕಾರದ ಟಿ.ಬಿ. ಪೋರ್ಟಲ್ ನಿಕ್ಷಯ್‌ನಲ್ಲಿ ದಾಖಲಿಸಿದರೆ ಪೌಷ್ಟಿಕತೆಗೆ ತಿಂಗಳಿಗೆ 1000 ರೂಪಾಯಿ ಬರುತ್ತದೆ.

ಶಸ್ತ್ರಚಿಕಿತ್ಸಕರು

ಪೂರ್ತಿ ಅಡಚಣೆ, ರಕ್ತ ನಿಂತ ಲಕ್ಷಣ, ಅಥವಾ ಔಷಧಿ ಕೊಟ್ಟೂ ಮತ್ತೆ ಮತ್ತೆ ಕಟ್ಟಿಕೊಳ್ಳುವುದು: ಕಕೂನ್‌ಗೆಂದು ಹೊಟ್ಟೆ ತೆರೆಯಲು ಈ ಮೂರೇ ಮುಖ್ಯ ಕಾರಣ. ರಾತ್ರಿ ಎರಡು ಗಂಟೆಗೆ ಒಬ್ಬರೇ ಮಾಡುವ ಕೇಸಲ್ಲ. ಮೂರ್ನಾಲ್ಕು ಗಂಟೆ ಓ.ಟಿ., ಒಬ್ಬ ಸಹಾಯಕ, ಐ.ಸಿ.ಯು. ಹಾಸಿಗೆ ಇದ್ದರೆ ಜಿಲ್ಲಾಸ್ಪತ್ರೆಯಲ್ಲೇ ಆಗುತ್ತದೆ.

ಹೊಟ್ಟೆ ನಡುವಿನ ಉದ್ದ ಸೀಳನ್ನು ಗಡ್ಡೆಯ ಮೇಲ್ತುದಿಗಿಂತ ಮೇಲಿಂದ, ಸಿ.ಟಿ.ಯಲ್ಲಿ ಖಾಲಿ ಕಂಡ ಜಾಗದಲ್ಲಿ ಶುರು ಮಾಡಿ. ಕೊನೆಯ ಪದರಕ್ಕೆ ಕಾಟರಿ (ವಿದ್ಯುತ್ತಿನಿಂದ ಸುಟ್ಟು ಕತ್ತರಿಸುವ ಸಾಧನ) ಬೇಡ, ಕತ್ತರಿ ಸಾಕು. ತಪ್ಪಾಗುವುದು ಇಲ್ಲೇ: ಬೆಳ್ಳಗೆ ಹೊಳೆಯುವ ಹಾಳೆ ಕಂಡು ಇದೇ ಪೆರಿಟೋನಿಯಂ (ಹೊಟ್ಟೆಯ ಒಳಪದರ) ಎಂದು ಒಂದೇ ಏಟಿಗೆ ಸೀಳುತ್ತಾರೆ. ಅದೇ ಗೂಡಿನ ಗೋಡೆ, ಅದರ ಬೆನ್ನಿಗೇ ಕರುಳು. ಎರಡು ಆರ್ಟರಿ ಫೋರ್ಸೆಪ್ಸ್‌ನಲ್ಲಿ ಎತ್ತಿ ಸಣ್ಣ ಕಿಂಡಿ ಮಾಡಿ, ಸಡಿಲ ಪದರ ಸಿಕ್ಕ ಮೇಲೆ ಮುಂದುವರಿಯಿರಿ. ಸಿಗದಿದ್ದರೆ ಜಾಗ ಬದಲಿಸಿ, ಹಟ ಬೇಡ.

ಗುರುತು ಸಿಗುವ ತುದಿಯಿಂದ, ಅಂದರೆ ಡಿ.ಜೆ. ಫ್ಲೆಕ್ಷರ್ (ಡುವೋಡಿನಮ್ ಮುಗಿದು ಜೆಜುನಮ್ ಶುರುವಾಗುವ ತಿರುವು) ಅಥವಾ ಇಲಿಯೋಸೀಕಲ್ ಕಡೆಯಿಂದ, ಬಿಡಿಸುತ್ತಾ ಬನ್ನಿ. ರಾಮನಗರದ ನೂಲು ಬಿಚ್ಚುವವರೂ ಎಳೆಯ ತುದಿ ಸಿಗುವವರೆಗೆ ಗೂಡು ಎಳೆಯುವುದಿಲ್ಲ! ಕರುಳಿಗೆ ಕಚ್ಚಿಕೊಂಡ ಪೊರೆಯ ತುಣುಕು ಉಳಿದರೆ ಉಳಿಯಲಿ. ಮಡಚದೆ, ಒಳದಾರಿ ತೆರೆದಿರುವ ಸುರುಳಿಗಳನ್ನು ಬೇರ್ಪಡಿಸಲೇಬೇಕೆಂದಿಲ್ಲ. ಪೊರೆಯಿಂದ ಯಾರೂ ಸಾಯುವುದಿಲ್ಲ, ಕಾಣದೆ ಬಿಟ್ಟ ತೂತಿನಿಂದ ಸಾಯುತ್ತಾರೆ. ಕರುಳಿನ ಮೇಲ್ಪದರ ಹರಿದರೆ ಕಂಡ ಕ್ಷಣವೇ 3-0 ವಿಕ್ರಿಲ್‌ನಲ್ಲಿ ಅಡ್ಡಕ್ಕೆ ಹೊಲಿಯಿರಿ. ಆಮೇಲೆ ಹುಡುಕಿದರೆ ಸಿಗದು. ಕೊನೆಗೆ ಒಳಗಿನ ದ್ರವವನ್ನು ಮೇಲಿಂದ ಸೀಕಮ್‌ವರೆಗೆ (ದೊಡ್ಡ ಕರುಳಿನ ಮೊದಲ ಭಾಗ) ಕೈಯಲ್ಲಿ ನೂಕಿ ನೋಡಿ. ಟಿ.ಬಿ.ಯ ಕಿರಿದಾದ ಉಂಗುರ ಅಡಗಿದ್ದರೆ ಅಲ್ಲಿ ತಡೆಯುತ್ತದೆ, ತೂತಿದ್ದರೆ ಸೋರುತ್ತದೆ.

ಇನ್ನೊಬ್ಬ ಶಸ್ತ್ರಚಿಕಿತ್ಸಕರು

ಲ್ಯಾಪರೋಸ್ಕೋಪಿ ಪೂರ್ತಿ ಬೇಡವೆನ್ನಲಾರೆ. ಪೊರೆ ಸ್ವಲ್ಪ ಭಾಗಕ್ಕಷ್ಟೇ ಇದ್ದು ಹೊಟ್ಟೆ ಉಬ್ಬಿಲ್ಲದಿದ್ದರೆ ನೋಡಿ, ತುಣುಕು ತೆಗೆದು ಬರಬಹುದು. ಮೊದಲ ಪೋರ್ಟ್ ಮಾತ್ರ ತೆರೆದೇ ಹಾಕಿ, ಕಾಣದೆ ಚುಚ್ಚುವ ವೆರೆಸ್ ಸೂಜಿ ಬೇಡವೇ ಬೇಡ. ಕರುಳು ಕತ್ತರಿಸಿ ಜೋಡಿಸಬೇಕಾಗಿ ಬಂದಾಗ ರಕ್ತದ ಪ್ರೋಟೀನ್ ಆಲ್ಬುಮಿನ್ ನೆಲ ಕಚ್ಚಿದ್ದರೆ, ಸೋಂಕಿದ್ದರೆ ಜೋಡಿಸದೆ ಎರಡೂ ತುದಿ ಹೊಟ್ಟೆಯ ಹೊರಗೆ ತನ್ನಿ. ತೀರಾ ಮೇಲಿನ ಜೆಜುನಮ್ (ಸಣ್ಣ ಕರುಳಿನ ಎರಡನೇ ಭಾಗ) ಆದರೆ ದಿನಕ್ಕೆ ಲೀಟರುಗಟ್ಟಲೆ ಹೊರಬೀಳುತ್ತದೆ ಎಂಬ ಲೆಕ್ಕವೂ ಇರಲಿ.

ಪೆಥಾಲಜಿ

ಒಂದೇ ವಿನಂತಿ: ಪೊರೆಯನ್ನೆಲ್ಲ ಫಾರ್ಮಲಿನ್‌ಗೆ ಹಾಕಬೇಡಿ. ಅರ್ಧ ಫಾರ್ಮಲಿನ್, ಅರ್ಧ ಬರೀ ಸಲೈನ್. ಎರಡನೆಯದು ಸಿಬಿನ್ಯಾಟ್‌ಗೆ, ಕಲ್ಚರ್‌ಗೆ. ಫಾರ್ಮಲಿನ್‌ನಲ್ಲಿ ಬಿದ್ದದ್ದು ಕಲ್ಚರ್ ಆಗದು. ಒಂದು ಗ್ರಂಥಿಯನ್ನೂ ಜೊತೆಗೆ ಕಳಿಸಿ, ಪೊರೆಯಲ್ಲಿ ಹಲವು ಸಲ ಬರೀ ನಾರು ಕಾಣುತ್ತದೆ.

ಐ.ಸಿ.ಯು. ಕಡೆಯಿಂದ

ಇಷ್ಟು ಸೊರಗಿದವರಿಗೆ ಒಮ್ಮೆಲೇ ಊಟ ತುಂಬಿದರೆ ರಿಫೀಡಿಂಗ್ ಆಗುತ್ತದೆ: ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿಯುತ್ತವೆ. ಕಿಲೊಗೆ 10 ಕ್ಯಾಲೊರಿ, ಅಂದರೆ ದಿನಕ್ಕೆ 380ರಿಂದ ಶುರು ಮಾಡಿ ಒಂದು ವಾರದಲ್ಲಿ ಏರಿಸಿ. 5% ಡೆಕ್ಸ್ಟ್ರೋಸ್ ಎರಡು ಲೀಟರಲ್ಲೇ ಸುಮಾರು 340 ಇದೆ, ‘ಬರೀ ಡ್ರಿಪ್’ ಎಂದು ಲೆಕ್ಕ ಬಿಡಬೇಡಿ. ಗ್ಲೂಕೋಸ್‌ಗೆ ಮುಂಚೆ ಥಯಮಿನ್ ಕೊಡಿ.

ಆಪರೇಷನ್ ನಂತರ ಕರುಳು ಏಳಲು ವಾರ ಹಿಡಿಯಬಹುದು. ಐದನೇ ದಿನ ಗಾಳಿ ಹೋಗಿಲ್ಲವೆಂದು ಮತ್ತೆ ತೆರೆಯಬೇಡಿ, ಮೂಗಿನಿಂದ ಜಠರಕ್ಕೆ ಹಾಕಿದ ರೈಲ್ಸ್ ಟ್ಯೂಬ್ ಹಾಗೇ ಇಟ್ಟು ಕಾಯಿರಿ. ನಾಡಿ 120 ದಾಟಿದರೆ, ಡ್ರೇನ್‌ನಲ್ಲಿ ಪಿತ್ತ ಕಂಡರೆ ಮಾತ್ರ ಕಾಯುವ ಮಾತಿಲ್ಲ.

ಕೇಳಿದವರು

ಅಪೆಂಡಿಕ್ಸ್ ಜೊತೆಗೇ ತೆಗೆದುಬಿಡಲೇ ಸರ್?

ಶಸ್ತ್ರಚಿಕಿತ್ಸಕರು

ಕೆಲವರು ತೆಗೆಯುತ್ತಾರೆ. ಸೀಕಮ್‌ನಲ್ಲಿ ಉರಿಯೂತವಿದ್ದರೆ ನಾನು ಮುಟ್ಟುವುದಿಲ್ಲ, ಇನ್ನೊಂದು ಹೊಲಿಗೆ ಅಲ್ಲಿ ಯಾಕೆ? ಆದರೆ ಒಳಗೆ ಏನು ಕಂಡಿತು, ಎಷ್ಟು ಪೊರೆ ಉಳಿಯಿತು, ಅಪೆಂಡಿಕ್ಸ್ ಎಲ್ಲಿದೆ ಎಂಬುದನ್ನು ಡಿಸ್ಚಾರ್ಜ್ ಕಾರ್ಡಿನಲ್ಲಿ ಚಿತ್ರ ಬಿಡಿಸಿ ಬರೆದುಕೊಡಿ. ಹುಡುಗಿಗೆ 22, ನಾಳೆ ಸಿಸೇರಿಯನ್‌ಗೆಂದು ಈ ಹೊಟ್ಟೆ ತೆರೆಯುವವರು ಬೇರೆ ಯಾರೋ ಇರುತ್ತಾರೆ.