ಬಾಣಂತಿಗೆ ನೀರನ್ನು ಅಳೆದು ಕೊಡಬೇಕಾ? – ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಹೊಸ ಅಮ್ಮ, ದಾವಣಗೆರೆ): ಡಾಕ್ಟರೇ, ಸಿಸೇರಿಯನ್ ಆಗಿ ಇವತ್ತಿಗೆ 9 ದಿನ. ತವರಲ್ಲಿದ್ದೇನೆ. ಅಮ್ಮ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರು ದಿನಕ್ಕೆ ಎರಡೇ ಲೋಟ, ಅದೂ ಊಟದ ಜೊತೆ. ಜಾಸ್ತಿ ಕುಡಿದರೆ ಹೊಟ್ಟೆ ಬರುತ್ತದೆ, ಹೊಲಿಗೆ ಕೀವಾಗುತ್ತದೆ ಅಂತಾರೆ. ಊಟಕ್ಕೆ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ. ಬೇಳೆ, ತರಕಾರಿ ಇಲ್ಲ. ಬಾಯಿ ಒಣಗುತ್ತದೆ. ಮೂರು ದಿನಕ್ಕೊಮ್ಮೆ ಮೋಷನ್. ನಿನ್ನೆಯಿಂದ ತಲೆ ನೋಯುತ್ತಿದೆ. ಸಂಜೆಯಾದರೆ ಸುಮ್ನೆ ಅಳು ಬರುತ್ತದೆ. ಇದೆಲ್ಲ ಮಾಮೂಲಾ?

ಡಾಕ್ಟರ್ (ಹೆರಿಗೆ ತಜ್ಞೆ): ನೀರಿನ ಮಾತು ಆಮೇಲೆ. ಮೊದಲು ತಲೆನೋವು. ಇವತ್ತೇ, ಈಗಲೇ ಬಿಪಿ ನೋಡಿಸಿ. ಹತ್ತಿರದ ಕ್ಲಿನಿಕ್ಕೋ, ಆರೋಗ್ಯ ಕೇಂದ್ರವೋ, ಎಲ್ಲಾದರೂ ಸರಿ. ಬಸುರಿಯಲ್ಲಿ ಬಿಪಿ ನಾರ್ಮಲ್ ಇದ್ದವರಿಗೂ ಹೆರಿಗೆಯಾದ ಮೇಲೆ ಏರಬಹುದು. ಹೆತ್ತ ಮೇಲೆ ಮೂರರಿಂದ ಆರನೇ ದಿನದ ಹೊತ್ತಿಗೆ ಅದು ಜಾಸ್ತಿ ಇರುತ್ತದೆ. ಆಮೇಲೂ ಬರಬಹುದು. ಸಿಸೇರಿಯನ್‌ಗೆ ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿಂದಲೂ ತಲೆ ನೋಯುತ್ತದೆ. ಆದರೆ ಅದು ಸಾಮಾನ್ಯವಾಗಿ ಮೊದಲ ಐದು ದಿನದಲ್ಲೇ ಶುರುವಾಗುತ್ತದೆ, ಕೂತರೆ ಜಾಸ್ತಿ, ಮಲಗಿದರೆ ಕಡಿಮೆ. ನಿಮ್ಮದು ಎಂಟನೇ ದಿನ ಶುರುವಾಗಿದೆ. ಕಣ್ಣು ಮಂಜಾಗುವುದು, ಎದೆಗುಂಡಿಯ ಹತ್ತಿರ ನೋವು, ವಾಂತಿ, ಕೈಕಾಲು ಸೋಲುವುದು ಏನಾದರೂ ಇದ್ದರೆ ಕ್ಲಿನಿಕ್ ಬೇಡ, ನೇರ ಆಸ್ಪತ್ರೆಗೆ ಹೋಗಿ. ನೋಡಿಸಿ ಬಂದು ಇಲ್ಲೇ ಬರೆಯಿರಿ, ಕಾಯುತ್ತೇನೆ.

ಈಗ ನೀರು. ನಾನು ಕಲಿಯುತ್ತಿದ್ದ ದಿನಗಳಲ್ಲಿ ಹನ್ನೊಂದು ದಿನದ ಬಾಣಂತಿಯೊಬ್ಬಳನ್ನು ಕರೆತಂದಿದ್ದರು. ಮೂರು ದಿನ ತಲೆನೋವಂತೆ. ಶೀತ ಅಂತ ತಲೆಗೆ ಬಟ್ಟೆ ಬಿಗಿದು ಮಲಗಿಸಿದ್ದರು. ಫಿಟ್ಸ್ ಬಂದಾಗ ಓಡಿ ಬಂದರು. ಮೆದುಳಿನಿಂದ ರಕ್ತ ವಾಪಸ್ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬದುಕಿದಳು, ಆದರೆ ಬಲಗೈ ಮೊದಲಿನಂತಾಗಲಿಲ್ಲ. ಎಷ್ಟು ನೀರು ಕೊಡುತ್ತಿದ್ದಿರಿ ಅಂತ ಅವರ ಅಜ್ಜಿಯನ್ನು ಕೇಳಿದೆವು. 'ಪಥ್ಯ ತಪ್ಪಿಸಿಲ್ಲ, ಒಂದೇ ಲೋಟ' ಅಂದರು, ಹೆಮ್ಮೆಯಿಂದ.

ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗಬಾರದು ಅಂತ ದೇಹವೇ ರಕ್ತವನ್ನು ಬೇಗ ಹೆಪ್ಪುಗಟ್ಟುವಂತೆ ಮಾಡಿಕೊಂಡಿರುತ್ತದೆ. ಹೆತ್ತ ಮೇಲೂ ಕೆಲವು ವಾರ ಅದು ಹಾಗೇ ಇರುತ್ತದೆ. ಇದರ ಮೇಲೆ ನೀರು ಕಡಿಮೆ, ರಕ್ತಹೀನತೆ, ಹಗಲೂ ರಾತ್ರಿ ಮಲಗಿಯೇ ಇರುವುದು ಸೇರಿದರೆ ಕಾಲಿನಲ್ಲೋ ಮೆದುಳಿನಲ್ಲೋ ಗಡ್ಡೆ ಕಟ್ಟುವ ಅಪಾಯ ಏರುತ್ತದೆ. ಎಲ್ಲರಿಗೂ ಆಗುವುದಿಲ್ಲ. ಆದರೆ ಒಂದು ಕೊಡ ನೀರಿನಿಂದ ತಪ್ಪಿಸಬಹುದಾದದ್ದನ್ನು ಯಾಕೆ ಮೈಮೇಲೆ ಎಳೆದುಕೊಳ್ಳಬೇಕು?

ಇನ್ನೊಂದು ಲೆಕ್ಕ ನೋಡಿ. ಹಾಲೂಡಿಸುವ ತಾಯಿಯಿಂದ ದಿನಕ್ಕೆ ಸುಮಾರು ಮುಕ್ಕಾಲು ಲೀಟರ್ ಹಾಲು ಹೋಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಶೇಕಡಾ 87 ನೀರೇ. ಎರಡು ಲೋಟದಲ್ಲಿ ಮಗುವಿಗೆಷ್ಟು, ನಿಮಗೆಷ್ಟು? ಬಾಯಾರಿದಾಗೆಲ್ಲ ಕುಡಿಯಿರಿ, ಪ್ರತಿ ಸಲ ಹಾಲೂಡಿಸಲು ಕೂತಾಗ ಪಕ್ಕದಲ್ಲಿ ಒಂದು ಲೋಟ ಇಟ್ಟುಕೊಳ್ಳಿ. ಬಿಸಿನೀರೇ ಬೇಕು ಅಂತಾರಾ? ಕುಡಿಯಿರಿ. ಅದರಲ್ಲಿ ಜಗಳ ಬೇಡ.

ಕಾಮೆಂಟ್ (ಒಬ್ಬ ಅಜ್ಜಿ, ಶಿರಸಿ ಕಡೆ): ನಾವು ನಾಲ್ಕು ಹೆತ್ತೆವು, ಗುಟುಕು ನೀರಿನಲ್ಲಿ ತಿಂಗಳು ತೆಗೆದೆವು. ಏನೂ ಆಗಲಿಲ್ಲ. ನೀರು ಕುಡಿದರೆ ನಂಜಾಗಿ ಸನ್ನಿ ಹಿಡಿಯುತ್ತದೆ ಅಂತ ನಮ್ಮ ಅತ್ತೆ ಹೇಳುತ್ತಿದ್ದರು. ಹಿಂದಿನವರು ದಡ್ಡರೇನಲ್ಲ.

ಡಾಕ್ಟರ್: ಖಂಡಿತ ದಡ್ಡರಲ್ಲ ಅಜ್ಜಿ. ಬಾವಿ ನೀರು, ಕೆರೆ ನೀರು ಕುದಿಸದೆ ಕುಡಿಯುತ್ತಿದ್ದ ಕಾಲದಲ್ಲಿ ಹಸಿ ಬಾಣಂತಿಗೆ ತಣ್ಣೀರು ಬೇಡ ಎಂದದ್ದರಲ್ಲಿ ಅರ್ಥವಿತ್ತು. 'ತಣ್ಣೀರು ಬೇಡ' ಅನ್ನುವುದು ಯಾವಾಗಲೋ 'ನೀರೇ ಬೇಡ' ಆಗಿಬಿಟ್ಟಿತು ಅಂತ ನನ್ನ ಗುಮಾನಿ. ಬಾಣಂತಿ ಸನ್ನಿ ಎನ್ನುತ್ತಿದ್ದುದು ಒಂದೇ ಕಾಯಿಲೆ ಅಲ್ಲ. ಗರ್ಭಕೋಶಕ್ಕೆ ಸೋಂಕಾಗಿ ಜ್ವರದಲ್ಲಿ ಬಡಬಡಿಸುವುದು, ಬಿಪಿ ಏರಿ ಫಿಟ್ಸ್ ಬರುವುದು, ಹೆತ್ತ ಮೇಲೆ ಬರುವ ತೀವ್ರ ಮಾನಸಿಕ ಕಾಯಿಲೆ, ಈಗ ಹೇಳಿದ ರಕ್ತದ ಗಡ್ಡೆ, ಎಲ್ಲಕ್ಕೂ ಅದೊಂದೇ ಹೆಸರು. ಯಾವುದೂ ನೀರು ಕುಡಿದದ್ದರಿಂದ ಬರುವುದಲ್ಲ. ಹೊಲಿಗೆ ಕೀವಾಗುವುದೂ ರೋಗಾಣುವಿನಿಂದ. ಇನ್ನು ಹೊಟ್ಟೆ: ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು ಆರು ವಾರ ಬೇಕು. ನೀರು ಬಿಟ್ಟರೂ ಅಷ್ಟೇ, ಕುಡಿದರೂ ಅಷ್ಟೇ.

ನಿಮ್ಮ ಕಾಲದ ಒಂದು ವಿಷಯಕ್ಕೆ ಮಾತ್ರ ಕೈ ಮುಗಿಯುತ್ತೇನೆ. ಬಾಣಂತಿ ಒಲೆ ಮುಂದೆ ನಿಲ್ಲಬಾರದು, ಕೊಡ ಎತ್ತಬಾರದು, ಮೈಗೆ ಎಣ್ಣೆ ಹಚ್ಚಿ ಎರೆಯಲು ಒಬ್ಬರು ಇರಲೇಬೇಕು ಅನ್ನುವುದು. ಅಂಟಿನ ಉಂಡೆ, ಅಳವಿ ಪಾಯಸ, ಸಬ್ಬಸಿಗೆ ಸೊಪ್ಪು ಎಲ್ಲ ಒಳ್ಳೆಯದೇ. ಆ ಕೈಗಳೇ ಈಗ ಎಷ್ಟೋ ಮನೆಯಲ್ಲಿ ಇಲ್ಲ. ಪಥ್ಯ ಮಾತ್ರ ಉಳಿದಿದೆ.

ಕಾಮೆಂಟ್ (ಜರ್ಮನಿಯಲ್ಲಿರುವ ಕನ್ನಡತಿ): ನಿಜ ಡಾಕ್ಟರ್. ನನಗೆ ಇಲ್ಲಿ ಹೆರಿಗೆಯಾದಾಗ ವೀಸಾ ತಡವಾಗಿ ಅಮ್ಮ ಬರಲಾಗಲಿಲ್ಲ. ಇಲ್ಲಿ ಹೆಬಾಮೆ ಅಂತ ಸೂಲಗಿತ್ತಿ ಇರುತ್ತಾರೆ. ಮೊದಲ ಹತ್ತು ದಿನ ದಿನಾ ಮನೆಗೇ ಬರಬಹುದು, ಖರ್ಚು ವಿಮೆಯದ್ದು. ಹೊಲಿಗೆ, ಮೊಲೆ, ಮಗುವಿನ ತೂಕ ಎಲ್ಲ ನೋಡಿದರು. ಬಂದ ಕೂಡಲೇ 'ರಾತ್ರಿ ಮಲಗಿದೆಯಾ, ಊಟ ಆಯ್ತಾ' ಅಂತ ಕೇಳುತ್ತಿದ್ದರು. ಅಮ್ಮ ಕೇಳಿದ ಹಾಗೇ ಇತ್ತು.

ಕಾಮೆಂಟ್ (ಆಶಾ ಕಾರ್ಯಕರ್ತೆ): ನಾವೂ ಹೋಗುತ್ತೇವೆ ಮೇಡಂ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28, 42ನೇ ದಿನ, ಒಟ್ಟು ಆರು ಸಲ. ಆದರೆ ಕೆಲವರು ಸೂತಕ ಅಂತ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಮಗು ತೋರಿಸುತ್ತಾರೆ, ತಾಯಿಯನ್ನು ತೋರಿಸುವುದಿಲ್ಲ. 2017ರಲ್ಲಿ ಬಸುರಿ, ಬಾಣಂತಿಯರಿಗೆ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ ಶುರುವಾದಾಗ ಅಂಗನವಾಡಿಗೆ ಬಂದು ಊಟ ಮಾಡಿ ಅಂದೆವು. ಹಸಿ ಬಾಣಂತಿ ಹೊಸಿಲು ದಾಟಿ ಹೇಗೆ ಬರುತ್ತಾಳೆ ಹೇಳಿ?

ಡಾಕ್ಟರ್: ಬಾಗಿಲು ದಾಟಿ ಒಳಗೆ ಹೋಗಲು ಜಗಳ ಮಾಡಿ, ನಾನು ನಿಮ್ಮ ಕಡೆ! ದಾವಣಗೆರೆಯವರಿಗೆ ಊಟದ ಬಗ್ಗೆ ಹೇಳಬೇಕಿತ್ತು. ಹಾಲೂಡಿಸುವ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಬೇಕು. ಬರೀ ಬಿಳಿ ಅನ್ನ, ಸಾರು ತಿಂದರೆ ಥಯಮಿನ್ ಅನ್ನುವ ಬಿ1 ವಿಟಮಿನ್ ಕಡಿಮೆಯಾಗುತ್ತದೆ. ತಾಯಿಗೆ ಕಾಲು ಜುಮುಗುಟ್ಟಬಹುದು. ಹಾಲಿನಲ್ಲೂ ಅದು ಕಡಿಮೆಯಾಗಿ, ಚೆನ್ನಾಗಿದ್ದ ಎರಡು ಮೂರು ತಿಂಗಳ ಮಗು ಏದುಸಿರು ಬಿಡುತ್ತಾ ಐಸಿಯುಗೆ ಬರುತ್ತದೆ. ಇಂಥ ಮಕ್ಕಳನ್ನು ಕರ್ನಾಟಕದ ಡಾಕ್ಟರುಗಳೂ ನೋಡಿದ್ದಾರೆ. ಬೇಳೆ, ಹೆಸರುಕಾಳು, ಮೊಟ್ಟೆ, ಸೊಪ್ಪು ಎಲ್ಲ ತಿನ್ನಿ. ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹಾಗಾಗಿ ಕಬ್ಬಿಣದ ಮಾತ್ರೆ ಹೆತ್ತ ಮೇಲೂ 180 ದಿನ. ಕಾಫಿ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆ ಜೊತೆಯೂ ಬೇಡ.

ಸಾಂಬ್ರಾಣಿ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಕಿಟಕಿ ಮುಚ್ಚಿ ಮಂಚದ ಕೆಳಗೆ ಕೆಂಡ ಇಡಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ಗಾಳಿ ವಿಷ. ಅದರ ವಾಸನೆಯೂ ಗೊತ್ತಾಗುವುದಿಲ್ಲ.

ಪ್ರಶ್ನೆ (ಒಬ್ಬ ಗಂಡ, ಹೆಸರು ಬೇಡ): ನನ್ನ ಹೆಂಡತಿಗೆ ಹೆರಿಗೆಯಾಗಿ ಏಳು ವಾರ. ಎರಡನೆಯದೂ ಹೆಣ್ಣು. ಮನೆಯಲ್ಲಿ ಮಾತುಗಳು ಬರುತ್ತಿವೆ. ಮಗು ಮಲಗಿದರೂ ಇವಳು ಮಲಗುವುದಿಲ್ಲ, ಗೋಡೆ ನೋಡುತ್ತಾ ಕೂರುತ್ತಾಳೆ. ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲ. ಸ್ವಲ್ಪ ದಿನಕ್ಕೆ ಸರಿಹೋಗುತ್ತದಾ?

ಡಾಕ್ಟರ್: ಕಾಯಬೇಡಿ. ಹೆತ್ತ ಮೂರ್ನಾಲ್ಕು ದಿನಕ್ಕೆ ಬರುವ ಅಳು ಎರಡು ವಾರದೊಳಗೆ ತಾನೇ ಹೋಗುತ್ತದೆ. ದಾವಣಗೆರೆಯವರ ಸಂಜೆಯ ಅಳು ಸದ್ಯಕ್ಕೆ ಆ ಸಾಲಿನದು. ನಿಮ್ಮ ಮನೆಯದು ಖಿನ್ನತೆ ಇದ್ದಂತೆ ಕಾಣುತ್ತಿದೆ. ಎಡಿನ್‌ಬರೋ ಸ್ಕೇಲ್ ಅಂತ ಹತ್ತು ಪ್ರಶ್ನೆಗಳ ಪಟ್ಟಿಯಿದೆ, ಕನ್ನಡದಲ್ಲೂ ಇದೆ. ಡಾಕ್ಟರ್ ಅದರಿಂದ ಶುರುಮಾಡಬಹುದು. ಹತ್ತನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯಾ ಅನ್ನುವುದು. ಅದನ್ನು ನೀವೂ ಇವತ್ತು ರಾತ್ರಿ ಮೆಲ್ಲಗೆ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಅವರನ್ನು ಒಂಟಿಯಾಗಿ ಬಿಡದೆ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಲ್ಲ ಅಂದರೂ ಈ ವಾರವೇ ಮನೋವೈದ್ಯರಿಗೆ ತೋರಿಸಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಸೇರಿಸಿಕೊಳ್ಳುವ ವಾರ್ಡೇ ಇದೆ. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳೂ ಇವೆ.

ಇನ್ನು ಆ ಮಾತುಗಳು. ಹೆಣ್ಣು ಮಗು ಹುಟ್ಟಿದ್ದಕ್ಕೆ ಬರುವ ಮಾತಿಗೂ ತಾಯಿಯ ಖಿನ್ನತೆಗೂ ನಂಟಿದೆ ಅಂತ ಪಕ್ಕದ ಗೋವಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲೇ ಕಂಡುಬಂದಿದೆ. ಮಗು ಗಂಡೋ ಹೆಣ್ಣೋ ಅನ್ನುವುದು ತಂದೆಯ ವೀರ್ಯದಿಂದ ನಿರ್ಧಾರವಾಗುತ್ತದೆ. ಮನೆಯಲ್ಲಿ ಅದನ್ನು ಹೇಳಬೇಕಾದವರು ನೀವು, ಆಕೆಯಲ್ಲ. ರಾತ್ರಿ ಒಂದು ಹೊತ್ತು ಮಗುವನ್ನು ನೀವು ಇಟ್ಟುಕೊಳ್ಳಿ. ಆಕೆಗೆ ನಾಲ್ಕು ಗಂಟೆ ಒಂದೇ ಸಮನೆ ನಿದ್ದೆ ಸಿಗಲಿ.

ಹೊಸ ಅಮ್ಮ, ದಾವಣಗೆರೆ: ಡಾಕ್ಟರೇ, ನೋಡಿಸಿಕೊಂಡು ಬಂದೆ. 150/100 ಇತ್ತು. ಕ್ಲಿನಿಕ್‌ನಲ್ಲಿ ಕೂರಿಸಿ ಮತ್ತೆ ನೋಡಿದರು, 152/100. ಹೆರಿಗೆಯಾದ ಆಸ್ಪತ್ರೆಗೆ ಹೋಗಿ ಅಂತಿದ್ದಾರೆ. ಅಮ್ಮ ನಾಳೆ ಅಮಾವಾಸ್ಯೆ, ನಾಡಿದ್ದು ಹೋದರಾಯ್ತು ಅಂತಾರೆ.

ಡಾಕ್ಟರ್: ಇವತ್ತೇ. ಅಮ್ಮನಿಗೆ ಫೋನ್ ಕೊಡಿ, ಇದನ್ನು ಓದಿ ಹೇಳಿ: 140/90 ದಾಟಿದರೇ ಜಾಸ್ತಿ, ಇದರ ಜೊತೆ ತಲೆನೋವೂ ಇದೆ. ಫಿಟ್ಸ್ ಅಮಾವಾಸ್ಯೆ ನೋಡಿ ಬರುವುದಿಲ್ಲ. ಮಗುವನ್ನು ಜೊತೆಗೇ ಒಯ್ಯಿರಿ, ತಾಯಿ ಕಾರ್ಡ್ ಮರೆಯಬೇಡಿ.

ಹೊಸ ಅಮ್ಮ, ದಾವಣಗೆರೆ (ಮೂರು ದಿನದ ಮೇಲೆ): ಎರಡು ರಾತ್ರಿ ಅಡ್ಮಿಟ್ ಮಾಡಿಕೊಂಡಿದ್ದರು. ಬಿಪಿ ಮಾತ್ರೆ ಕೊಟ್ಟಿದ್ದಾರೆ. ಇವತ್ತು 130/84. ತಲೆನೋವಿಲ್ಲ. ಅಮ್ಮ ಈಗ ಫ್ಲಾಸ್ಕ್ ತುಂಬಿ ಪಕ್ಕದಲ್ಲೇ ಇಡುತ್ತಾರೆ, ನೀರು ಕುಡಿದೆಯಾ ಅಂತ ಗಂಟೆಗೊಮ್ಮೆ ಕೇಳಿ ತಲೆ ತಿನ್ನುತ್ತಾರೆ. ಬೇಳೆ ಬಗ್ಗೆ ಇನ್ನೂ ಒಪ್ಪಿಲ್ಲ. ವಾಯು ಅಂತೆ.

ಡಾಕ್ಟರ್: ಸಂತೋಷ. ಮಾತ್ರೆ ನೀವೇ ನಿಲ್ಲಿಸಬೇಡಿ. ದಿನಾ ಬಿಪಿ ನೋಡಿಸಿ ಬರೆದಿಡಿ, ಆರನೇ ವಾರಕ್ಕೆ ಆ ಚೀಟಿ ತೆಗೆದುಕೊಂಡು ಹೋಗಿ. ವಾಯು ಅಂತಾದರೆ ಹೆಸರುಬೇಳೆ ಕಟ್ಟಿನಿಂದ ಶುರುಮಾಡಿ, ಇಂಗು ಹಾಕಿ. ಅಮ್ಮ ಅದಕ್ಕೆ ಒಪ್ಪುತ್ತಾರೆ.